ಅಪ್ಪನ ಕೆಮ್ಮು, ಗೇಟಮ್ಮನ ಚಾಡಿ

"ಹದಿನೈದು!"

"ಹದಿನಾರು!"

"ಹದಿನೇಳು! ನಾನು ಗೆದ್ದೆ! ರಬ್ಬರ್ ಕೊಡು!"

ವ್ಯಾನಿನೊಳಗಿದ್ದ ಮಕ್ಕಳೆಲ್ಲ ಹೋ ಎಂದು ಕೂಗಿದರು. ಅವರು ಎಣಿಸುತ್ತಿದ್ದದ್ದು ಡ್ರೈವರ್ ಅಂಕಲ್‌ನ ಕೆಮ್ಮು. ದೊಡ್ಡ ರಸ್ತೆಯ ತಿರುವಿನಿಂದ ಸ್ಕೂಲಿನ ಗೇಟು ಬರುವುದರೊಳಗೆ ಅಂಕಲ್ ಎಷ್ಟು ಸಲ ಕೆಮ್ಮುತ್ತಾರೆ ಎಂದು ಸರಿಯಾಗಿ ಹೇಳಿದವರಿಗೆ ಒಂದು ರಬ್ಬರ್. ಈ ಆಟ ಶುರುವಾಗಿ ಆಗಲೇ ಒಂದು ತಿಂಗಳಾಗಿತ್ತು.

ಡ್ರೈವರ್ ಅಂಕಲ್ ಅಂದರೆ ಚೂಟಿಯ ಅಪ್ಪ. ಅವಳಿಗೆ ಬೇರೆ ಹೆಸರಿತ್ತು, ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದನ್ನು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಚೂಟಿಯೇ.

"ಏನ್ರಪ್ಪಾ, ಇವತ್ತು ಯಾರಿಗೆ ಲಾಟರಿ?" ಎಂದು ಅಪ್ಪ ನಗಲು ಹೋದ. ನಗು ಕೆಮ್ಮಾಯಿತು.

"ಹದಿನೆಂಟು! ನಿನ್ನ ರಬ್ಬರ್ ಹೋಯ್ತು!" ಎಂದು ಚೂಟಿ ಕನ್ನಡಕದ ಕಡೆಗೆ ಕೈ ತೋರಿಸಿದಳು. ಕನ್ನಡಕ ಅವಳ ಕ್ಲಾಸಿನ ಹುಡುಗ, ಅವಳ ಬೆಂಚಿನವನೇ. ಮೂಗಿಗಿಂತ ಕನ್ನಡಕವೇ ದೊಡ್ಡದಿದ್ದುದರಿಂದ ಆ ಹೆಸರು.

ಚಳಿಗೆ ವ್ಯಾನಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಗಾಜಿನ ಮೇಲೆ ಯಾರೋ ಹೊರಗಿನಿಂದ ಟಕಟಕ ಬಡಿದರು. ಗೇಟಮ್ಮ!

ಹಳದಿ ಕೋಟು ಹಾಕಿಕೊಂಡು, ಕೈಯಲ್ಲಿ 'ನಿಲ್ಲಿ' ಎಂದು ಬರೆದ ದುಂಡು ಹಲಗೆ ಹಿಡಿದು, ಮಕ್ಕಳನ್ನು ರಸ್ತೆ ದಾಟಿಸುವುದು ಗೇಟಮ್ಮನ ಕೆಲಸ. ಅಪ್ಪ ಕಿಟಕಿ ಇಳಿಸಿದ.

"ಎಷ್ಟು ದಿನ ಆಯ್ತಪ್ಪಾ ಈ ಕೆಮ್ಮು?"

"ಧೂಳು ಕಣಮ್ಮಾ. ದಿನವಿಡೀ ರೋಡಲ್ಲೇ ಇರ್ತೀನಲ್ಲ."

"ಮೊನ್ನೆನೂ ಧೂಳು ಅಂದೆ. ಹೋದ ವಾರಾನೂ ಧೂಳು ಅಂದೆ. ಬೆಲ್ಟಿಗೆ ಹೊಸ ತೂತು ಹಾಕಿದೀಯಲ್ಲ, ಧೂಳಿಗೆ ಯಾರಾದ್ರೂ ಸಣ್ಣ ಆಗ್ತಾರಾ? ಆಸ್ಪತ್ರೆಗೆ ಹೋಗು."

"ಹೋಗ್ತೀನಿ, ಹೋಗ್ತೀನಿ," ಎಂದು ಅಪ್ಪ ಕಿಟಕಿ ಏರಿಸಿದ. ಹೋಗಲಿಲ್ಲ.

ಮಾರನೆಯ ದಿನವೂ ಹೋಗಲಿಲ್ಲ. ಅದರ ಮಾರನೆಯ ದಿನ, ಪ್ರಾರ್ಥನೆ ಮುಗಿಯುತ್ತಿದ್ದಂತೆ ಹೆಡ್‌ಮಿಸ್ ಅಪ್ಪನನ್ನು ರೂಮಿಗೆ ಕರೆಸಿದರು. ಬಾಗಿಲ ಹೊರಗೆ ಗೇಟಮ್ಮ ನಿಂತಿದ್ದನ್ನು ಚೂಟಿ ಕಣ್ಣಾರೆ ನೋಡಿದಳು. ಅಪ್ಪ ತಲೆ ತಗ್ಗಿಸಿಕೊಂಡು ಹೊರಗೆ ಬಂದ. ಅಂದು ಸಂಜೆ ವ್ಯಾನು ಓಡಿಸಿದ್ದು ಬೇರೆ ಯಾರೋ.

* * *

ಆರೋಗ್ಯ ಕೇಂದ್ರದಲ್ಲಿ ಅಪ್ಪನ ಕಫ ಪರೀಕ್ಷೆ ಮಾಡಿದರು. ಎದೆಯ ಎಕ್ಸ್‌ರೇ ತೆಗೆದರು. ಮೂರನೆಯ ದಿನ ನರ್ಸಕ್ಕ ಸ್ಕೂಟರಿನಲ್ಲಿ ಮನೆಗೇ ಬಂದರು.

ಚೂಟಿಯ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅಮ್ಮ ಸ್ಕೂಲಿನ ಯೂನಿಫಾರಂ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ, ಅರ್ಧ ಹೊಲಿದ ನೀಲಿ ಅಂಗಿಗಳ ರಾಶಿ, ಅದರ ಪಕ್ಕದಲ್ಲಿ ಅಪ್ಪನ ಮಂಚ. ನರ್ಸಕ್ಕ ಮೊದಲು ಮಾಡಿದ ಕೆಲಸ, ಮುಚ್ಚಿದ್ದ ಎರಡೂ ಕಿಟಕಿಗಳನ್ನು ತೆಗೆದದ್ದು.

"ಇದು ಟಿಬಿ. ಹೆದರಬೇಡಿ, ವಾಸಿ ಆಗುತ್ತೆ," ಎಂದರು.

ಅಮ್ಮನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು.

"ಇದೊಂದು ರೋಗಾಣು," ಎಂದು ನರ್ಸಕ್ಕ ಚೂಟಿಗೂ ಅರ್ಥವಾಗುವ ಹಾಗೆ ಹೇಳಿದರು. "ಕಣ್ಣಿಗೆ ಕಾಣಲ್ಲ. ರೋಗ ಇರೋರು ಕೆಮ್ಮಿದಾಗ ಗಾಳೀಲಿ ತೇಲುತ್ತೆ. ಪಕ್ಕದಲ್ಲಿರೋರು ಉಸಿರು ಎಳೆದಾಗ ಅವರ ಎದೆಯೊಳಗೆ ಹೋಗಿ ಕೂರುತ್ತೆ. ಕಿಟಕಿ ಮುಚ್ಚಿದ ಜಾಗ ಸಿಕ್ಕರೆ ಅದಕ್ಕೆ ಸುಗ್ಗಿ. ಗಾಳಿ ಬೆಳಕು ಕಂಡರೆ ಆಗಲ್ಲ."

"ಇವರ ತಟ್ಟೆ ಲೋಟ ಬೇರೆ ಇಡಬೇಕಾ?" ಅಮ್ಮ ಮೆಲ್ಲಗೆ ಕೇಳಿದಳು.

"ಬೇಡ. ತಟ್ಟೆಯಿಂದ ಬರಲ್ಲ, ಕೈ ಮುಟ್ಟಿದ್ರೂ ಬರಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ. ಮೊಟ್ಟೆ, ಹಾಲು, ಬೇಳೆ ಚೆನ್ನಾಗಿ ತಿನ್ನಲಿ. ದಿನಾ ಮಾತ್ರೆ, ಆರು ತಿಂಗಳು. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ. ಅರ್ಧಕ್ಕೆ ಬಿಟ್ಟರೆ ಸಾಯದೆ ಉಳಿದ ರೋಗಾಣು ಮೊಂಡು ಬೀಳುತ್ತೆ. ಆಮೇಲೆ ಈ ಮಾತ್ರೆಗೆ ಜಗ್ಗೋದೇ ಇಲ್ಲ." ಬಾಗಿಲ ತನಕ ಹೋದವರು ತಿರುಗಿ ನಿಂತರು. "ಹಾಂ, ಒಂದು ಹೇಳೋದು ಮರೆತೆ. ಈ ಮಾತ್ರೆಗೆ ಉಚ್ಚೆ ಕಿತ್ತಳೆ ಬಣ್ಣಕ್ಕೆ ಬರುತ್ತೆ. ಗಾಬರಿ ಬೀಳಬೇಡಿ."

ಹೇಳಿದ್ದರೂ ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಅಪ್ಪ "ಅಯ್ಯಯ್ಯೋ!" ಎಂದು ಕೂಗಿದ. ಅಮ್ಮನೂ ಚೂಟಿಯೂ ಬಿದ್ದು ಬಿದ್ದು ನಕ್ಕರು. ಆ ವಾರ ಅವರ ಮನೆಯಲ್ಲಿ ಕೇಳಿದ ನಗು ಅದೊಂದೇ.

* * *

ಸ್ಕೂಲಿನಲ್ಲಿ ವ್ಯಾನಿನ ಹನ್ನೊಂದು ಮಕ್ಕಳಿಗೂ ಕೈಗೆ ಸಣ್ಣ ಸೂಜಿ ಚುಚ್ಚಿದರು. ಚುಚ್ಚಿದ ಜಾಗ ಊದುತ್ತದೆಯೋ ಇಲ್ಲವೋ ಎಂದು ಎರಡು ದಿನ ಬಿಟ್ಟು ನೋಡಬೇಕಿತ್ತು. ಊದಿದರೆ ರೋಗಾಣು ಒಳಗೆ ಹೋಗಿದೆ ಎಂದರ್ಥ.

"ನಿಮ್ಮಪ್ಪನಿಂದ ನಂಗೂ ಸೂಜಿ," ಎಂದ ಕನ್ನಡಕ. ಬ್ಯಾಗು ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕುಳಿತ.

ಚೂಟಿಗೆ ಅಳು ಒತ್ತರಿಸಿ ಬಂತು. ಆದರೆ ಸಿಟ್ಟು ಬಂದದ್ದು ಕನ್ನಡಕದ ಮೇಲಲ್ಲ, ಗೇಟಮ್ಮನ ಮೇಲೆ. ಅಪ್ಪನ ಕೆಲಸ ಹೋದದ್ದು, ಬೆಂಚು ಖಾಲಿಯಾದದ್ದು, ಪಕ್ಕದ ಮನೆಯವರು ನರ್ಸಕ್ಕನ ಸ್ಕೂಟರನ್ನು ಇಣುಕಿ ನೋಡಿದ್ದು, ಎಲ್ಲಕ್ಕೂ ಕಾರಣ ಯಾರು? ಅಪ್ಪ ತಾನೇ ಆಸ್ಪತ್ರೆಗೆ ಹೋಗುತ್ತಿರಲಿಲ್ಲವೇ? ಇವರು ಯಾಕೆ ಹೆಡ್‌ಮಿಸ್ ಹತ್ತಿರ ಹೋಗಬೇಕಿತ್ತು?

ಸಂಜೆ ರಸ್ತೆ ದಾಟಿಸಲು ಗೇಟಮ್ಮ ಕೈ ಚಾಚಿದಾಗ ಚೂಟಿ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು.

"ಚಾಡಿಕೋರಿ!"

ಬಾಯಿಂದ ಬಂದೇಬಿಟ್ಟಿತ್ತು.

ಗೇಟಮ್ಮ ಬೈಯಲಿಲ್ಲ. "ಹೂಂ. ಹೇಳಿದೆ," ಎಂದರು. ಹಲಗೆ ಎತ್ತಿ ಹಿಡಿದು ವಾಹನಗಳನ್ನು ನಿಲ್ಲಿಸಿದರು. ಚೂಟಿ ಒಬ್ಬಳೇ ದಾಟಿದಳು.

* * *

ಎರಡು ದಿನ ಬಿಟ್ಟು ನೋಡಿದಾಗ ಒಂಬತ್ತು ಮಕ್ಕಳ ಕೈ ಸರಿಯಾಗಿತ್ತು. ಊದಿದ್ದು ಇಬ್ಬರದು. ಒಬ್ಬಳು ಚೂಟಿ. ಇನ್ನೊಬ್ಬ ಪುಟಾಣಿ, ಎಲ್‌ಕೆಜಿಯವನು. ಅವನು ದಿನಾ ಕೂರುತ್ತಿದ್ದದ್ದು ಮುಂದಿನ ಸೀಟಿನಲ್ಲಿ, ಅಪ್ಪನ ಪಕ್ಕದಲ್ಲೇ. ಅಪ್ಪ ಕೆಮ್ಮಿದಾಗಲೆಲ್ಲ ಪುಟಾಣಿಯೂ "ಖೊಖ್ ಖೊಖ್" ಎಂದು ಅಣಕಿಸಿ ನಗುತ್ತಿದ್ದ.

ಇಬ್ಬರಿಗೂ ಎಕ್ಸ್‌ರೇ ಆಯಿತು. ನರ್ಸಕ್ಕ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಎದೆ ಚೆನ್ನಾಗಿದೆ. ನಿಮಗೆ ಕಾಯಿಲೆ ಬಂದಿಲ್ಲ. ರೋಗಾಣು ಒಳಗೆ ಹೋಗಿದೆ, ಆದರೆ ಮಲಗಿದೆ. ಏಳೋದಕ್ಕೆ ಮುಂಚೆನೇ ವಾರಕ್ಕೊಮ್ಮೆ ಮಾತ್ರೆ ಕೊಟ್ಟು, ಮೂರು ತಿಂಗಳಲ್ಲಿ ಮುಗಿಸಿಬಿಡೋಣ."

"ಎದ್ದಿದ್ರೆ?" ಎಂದು ಕೇಳಿದಳು ಚೂಟಿ.

"ನಿನಗಾದ್ರೆ ಕೆಮ್ಮು, ಜ್ವರ, ನಿಮ್ಮಪ್ಪನ ಹಾಗೆ. ಇಷ್ಟು ಚಿಕ್ಕ ಮಕ್ಕಳಿಗಾದ್ರೆ..." ನರ್ಸಕ್ಕ ಪುಟಾಣಿಯ ತಲೆ ಸವರಿದರು. "ಕೆಲವು ಸಲ ಮಿದುಳಿಗೇ ಹೋಗಿಬಿಡುತ್ತೆ. ಇನ್ನೆರಡು ತಿಂಗಳು ಯಾರೂ ಗಮನಿಸದೆ ಇದ್ದಿದ್ರೆ ಏನಾಗ್ತಿತ್ತೋ. ಪುಣ್ಯಕ್ಕೆ ಯಾರೋ ಬೇಗ ಹೇಳಿದ್ರು."

ಪುಟಾಣಿ ನರ್ಸಕ್ಕನ ಮೇಜಿನ ಮೇಲಿದ್ದ ಸ್ಟಾಂಪನ್ನು ತನ್ನ ಅಂಗೈಗೆ ಒತ್ತಿಕೊಳ್ಳುತ್ತಿದ್ದ. ಒತ್ತಿ, ನೋಡಿ, ಚೂಟಿಗೂ ತೋರಿಸಿದ. ಚೂಟಿಗೆ ಅವನ ಮುಖ ನೋಡಲು ಆಗಲಿಲ್ಲ. ಕೆಮ್ಮು ಎಣಿಸುವ ಆಟ ಶುರುಮಾಡಿದ್ದೇ ಅವಳು.

ಮರುದಿನ ಅವಳು ಗೇಟಮ್ಮನ ಕೈ ಹಿಡಿದುಕೊಂಡೇ ರಸ್ತೆ ದಾಟಿದಳು. ಮಾತು ಮಾತ್ರ ಆಡಲಿಲ್ಲ. ಚಾಡಿಕೋರಿ ಎಂದದ್ದಕ್ಕೆ ಸಾರಿ ಹೇಗೆ ಕೇಳುವುದೆಂದು ಗೊತ್ತಾಗಲಿಲ್ಲ.

* * *

ಎರಡು ತಿಂಗಳಿಗೆ ಅಪ್ಪ ಹೊಸ ಮನುಷ್ಯನಾದ. ಕೆಮ್ಮು ಹೇಳಹೆಸರಿಲ್ಲದೆ ಹೋಯಿತು. ಬೆಲ್ಟು ಮತ್ತೆ ಹಳೆಯ ತೂತಿಗೆ ಬಂತು. ಕಫದ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. "ಇನ್ನು ನಿಮ್ಮಿಂದ ಯಾರಿಗೂ ಹರಡಲ್ಲ. ವ್ಯಾನು ಓಡಿಸಬಹುದು. ಆದರೆ ಮಾತ್ರೆ ಇನ್ನೂ ನಾಲ್ಕು ತಿಂಗಳು," ಎಂದು ಡಾಕ್ಟರ್ ಬರೆದುಕೊಟ್ಟರು.

ಹೆಡ್‌ಮಿಸ್ ಆ ಚೀಟಿಯನ್ನು ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಎದುರು ಓದಿದರು. ವ್ಯಾನಿನ ಕೀ ಅಪ್ಪನಿಗೆ ವಾಪಸ್ ಬಂತು. ಕನ್ನಡಕವೂ ತನ್ನ ಹಳೆಯ ಬೆಂಚಿಗೆ ವಾಪಸ್ ಬಂದ. "ಅಮ್ಮ ಹೇಳಿದ್ಲು ಬಂದು ಕೂತ್ಕೊಬಹುದು ಅಂತ," ಎಂದ. ಆಮೇಲೆ ಬ್ಯಾಗು ಕೆಳಗಿಡುತ್ತ, "ಸಾರಿ ಕಣೇ," ಎಂದ.

ಎಲ್ಲ ಸರಿಹೋಯಿತು ಎಂದುಕೊಂಡಿದ್ದಳು ಚೂಟಿ.

ಒಂದು ಭಾನುವಾರ ಅಪ್ಪ ವ್ಯಾನು ತೊಳೆಯುತ್ತಿದ್ದ. ಒಳಗೆ ಒರೆಸುವ ಕೆಲಸ ಚೂಟಿಯದು. ಒಣ ಬಟ್ಟೆಗಾಗಿ ಅವಳು ಸ್ಟಿಯರಿಂಗ್ ಪಕ್ಕದ ಡಬ್ಬಿ ತೆಗೆದಳು. ಬಟ್ಟೆಯ ಅಡಿಯಲ್ಲಿ ಮಾತ್ರೆಯ ಹಾಳೆಗಳಿದ್ದವು. ತಿಂಡಿ ತಿಂದು ವ್ಯಾನಿನಲ್ಲೇ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದು ಅಪ್ಪ ಈಚೆಗೆ ಹೇಳುತ್ತಿದ್ದ.

ಚೂಟಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಒಂಬತ್ತು ದಿನದ ಮಾತ್ರೆ ಹಾಗೇ ಇತ್ತು.

"ಅಪ್ಪಾ, ಇದು..."

ಅಪ್ಪ ಬಕೆಟ್ ಕೆಳಗಿಟ್ಟ. ಸುತ್ತ ನೋಡಿದ. "ಅದು ತಿಂದ್ರೆ ಹೊಟ್ಟೆ ತೊಳಸುತ್ತೆ ಕಣೇ. ಮೊನ್ನೆ ಸ್ಟಿಯರಿಂಗ್ ಹಿಡ್ಕೊಂಡೇ ವಾಂತಿ ಬರೋ ಹಾಗಾಯ್ತು. ಹಿಂದೆ ಅಷ್ಟು ಮಕ್ಕಳು ಬೇರೆ."

"ಆದ್ರೆ ನರ್ಸಕ್ಕ ಒಂದು ದಿನಾನೂ ಬಿಡಬಾರದು ಅಂದಿದ್ರು."

"ಈಗೇನಾಗಿದೆ ನಂಗೆ? ನೋಡು, ಗುಂಡುಕಲ್ಲಿನ ಹಾಗಿದೀನಿ. ಕೆಮ್ಮು ಇದೆಯಾ? ಇಲ್ಲ ತಾನೆ?" ಅಪ್ಪ ಅವಳ ಕೆನ್ನೆಗೆ ಸೋಪಿನ ನೊರೆ ಹಚ್ಚಿದ. "ಅಮ್ಮಂಗೆ ಹೇಳಬೇಡ. ಸುಮ್ಮನೆ ಗಾಬರಿ ಬೀಳ್ತಾಳೆ. ಇದು ನಮ್ಮಿಬ್ಬರ ಗುಟ್ಟು, ಆಯ್ತಾ?"

ಅಪ್ಪನ ಜೊತೆ ಗುಟ್ಟು ಎಂದರೆ ಚೂಟಿಗೆ ಪ್ರಾಣ. ಆದರೆ ಈ ಗುಟ್ಟು ಅವಳಿಗೆ ಬೇಡವಾಗಿತ್ತು. ಅಮ್ಮ ಕಲಸಿಕೊಟ್ಟ ಅನ್ನವನ್ನು ತಟ್ಟೆಯಲ್ಲೇ ಬಿಟ್ಟಳು. "ಯಾಕೇ, ಹುಷಾರಿಲ್ವಾ?" ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು. ಹೇಳಿದರೆ ಅಪ್ಪನಿಗೆ ಕೋಪ. ಹೇಳದಿದ್ದರೆ? ಮೊಂಡು ಬೀಳುತ್ತೆ ಎಂದಿದ್ದರಲ್ಲ ನರ್ಸಕ್ಕ?

* * *

ಸೋಮವಾರ ಊಟದ ಬೆಲ್ ಹೊಡೆದಾಗ ಚೂಟಿ ಟಿಫಿನ್ ಡಬ್ಬಿ ತೆಗೆಯಲಿಲ್ಲ. ಸೀದಾ ಗೇಟಿಗೆ ಹೋದಳು. ಗೇಟಮ್ಮ ಸ್ಟೂಲಿನ ಮೇಲೆ ಕುಳಿತು ಬಾಳೆಹಣ್ಣು ಸುಲಿಯುತ್ತಿದ್ದರು.

"ಗೇಟಮ್ಮಾ, ಅಪ್ಪ ಮಾತ್ರೆ ತಗೋತಿಲ್ಲ."

ಗೇಟಮ್ಮ ತಟ್ಟನೆ ತಿರುಗಿದರು. "ಈ ಕಡೆ ಬಂದು ಹೇಳು. ಆ ಕಿವಿ ಕೇಳಲ್ಲ."

ಚೂಟಿ ಬಲಗಡೆಗೆ ಬಂದು ಎಲ್ಲ ಹೇಳಿದಳು. ಡಬ್ಬಿ, ಬಟ್ಟೆ, ಒಂಬತ್ತು ದಿನ, ಗುಟ್ಟು. ಹೇಳುವಷ್ಟರಲ್ಲಿ ಮೂಗು ಸೋರುತ್ತಿತ್ತು. ಗೇಟಮ್ಮ ಬಾಳೆಹಣ್ಣನ್ನು ಮುರಿದು ಅರ್ಧ ಅವಳ ಕೈಗೆ ಕೊಟ್ಟರು.

"ಈ ಕಿವಿ ಯಾಕೆ ಕೇಳಲ್ಲ ಗೊತ್ತಾ?" ಎಂದರು. "ನಂಗೂ ಇದೇ ಟಿಬಿ ಬಂದಿತ್ತು. ಬಹಳ ವರ್ಷದ ಮಾತು. ಮೂರು ತಿಂಗಳು ಮಾತ್ರೆ ನುಂಗಿದೆ. ಕೆಮ್ಮು ಹೋಯ್ತು, ಮೈ ತುಂಬಿಕೊಳ್ತು. ಇನ್ಯಾಕೆ ಮಾತ್ರೆ ಅಂತ ಬಿಟ್ಟೆ. ಯಾರಿಗೂ ಹೇಳಲಿಲ್ಲ. ನಿಮ್ಮಪ್ಪನ ಹಾಗೇ."

"ಆಮೇಲೆ?"

"ಆಮೇಲೆ ತಿರುಗಿ ಬಂತು. ಈ ಸಲ ಹಳೇ ಮಾತ್ರೆಗೆ ಬಗ್ಗಲಿಲ್ಲ. ಎರಡು ವರ್ಷ ಔಷಧಿ, ತಿಂಗಳಾನುಗಟ್ಟಲೆ ದಿನಾ ಇಂಜೆಕ್ಷನ್. ಜೀವ ಉಳೀತು. ಆ ಇಂಜೆಕ್ಷನ್ನಿಗೆ ಈ ಕಿವಿ ಹೋಯ್ತು." ಗೇಟಮ್ಮ ಎಡಗಿವಿಯನ್ನು ಮುಟ್ಟಿಕೊಂಡರು. "ಈಗ ಬೇರೆ ಔಷಧಿ ಬಂದಿದೆಯಂತೆ. ಆದ್ರೂ ಆ ಪಾಡು ಯಾರಿಗೂ ಬೇಡ. ನಿಮ್ಮಪ್ಪ ಕೆಮ್ಮೋದು ಕೇಳಿದಾಗ ನನ್ನದೇ ಕೆಮ್ಮು ಕೇಳಿದ ಹಾಗಾಯ್ತು. ಅವನಿಗೇ ನಾಲ್ಕು ಸಲ ಹೇಳಿದೆ. ಕೇಳಲಿಲ್ಲ. ಹಿಂದೆ ಅಷ್ಟೊಂದು ಮಕ್ಕಳು ಕೂತಿದ್ರಿ. ಅದಕ್ಕೇ ಹೆಡ್‌ಮಿಸ್ ಹತ್ತಿರ ಹೋದೆ."

ಚೂಟಿ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡಳು.

"ಈಗ ನಾನು ಹೇಳ್ಲಾ ನಿಮ್ಮಪ್ಪನಿಗೆ? ನನ್ನ ಮೇಲೆ ಹೇಗೂ ಒಂದು ಹೆಸರು ಇದೆಯಲ್ಲ," ಎಂದು ಗೇಟಮ್ಮ ನಕ್ಕರು.

"ಬೇಡ," ಎಂದಳು ಚೂಟಿ. "ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ, ಸಾಕು."

* * *

ಸಂಜೆ ಗೇಟಮ್ಮ ಹಳದಿ ಕೋಟು ಮಡಿಚಿಟ್ಟು ವ್ಯಾನು ಹತ್ತಿದರು. "ಏನಮ್ಮಾ, ಡ್ರಾಪ್ ಬೇಕಾ?" ಎಂದ ಅಪ್ಪ. ಒಬ್ಬೊಬ್ಬರಾಗಿ ಮಕ್ಕಳೆಲ್ಲ ಇಳಿದರು. ಕೊನೆಗೆ ಪುಟಾಣಿ ಟಾಟಾ ಮಾಡಿ ಇಳಿದ. ಆಗ ಚೂಟಿ ಡಬ್ಬಿ ತೆಗೆದು, ಮಾತ್ರೆಯ ಹಾಳೆಗಳನ್ನು ಅಪ್ಪನ ತೊಡೆಯ ಮೇಲಿಟ್ಟಳು.

"ನಾನು ಗೇಟಮ್ಮಂಗೆ ಹೇಳಿದೆ ಅಪ್ಪಾ. ಅಮ್ಮಂಗೂ ಹೇಳ್ತೀನಿ. ನರ್ಸಕ್ಕಂಗೂ ಹೇಳ್ತೀನಿ."

ಅಪ್ಪನ ಮುಖ ಕೆಂಪಾಯಿತು. "ನನ್ನ ಮಗಳೇ ನನ್ನ ಮೇಲೆ ಚಾಡಿ ಹೇಳ್ತಾಳಾ?"

ಚೂಟಿ ಒಮ್ಮೆ ಗೇಟಮ್ಮನ ಕಡೆ ನೋಡಿದಳು. ಆಮೇಲೆ ಹೇಳಿದಳು. "ಹೂಂ. ಹೇಳಿದೆ."

ಅಪ್ಪ ಮಾತ್ರೆಗಳನ್ನು ನೋಡಿದ. ಕನ್ನಡಿಯಲ್ಲಿ ಹಿಂದೆ ಕುಳಿತ ಗೇಟಮ್ಮನನ್ನು ನೋಡಿದ. ಮಗಳನ್ನು ನೋಡಿದ. ಕೊನೆಗೆ ಗೇರ್ ಹಾಕಿ ವ್ಯಾನು ತಿರುಗಿಸಿದ. ಮನೆಯ ಕಡೆಗಲ್ಲ. ಆರೋಗ್ಯ ಕೇಂದ್ರದ ಕಡೆಗೆ.

ನರ್ಸಕ್ಕ ಬಾಗಿಲು ಹಾಕುವುದರಲ್ಲಿದ್ದರು. ಎಲ್ಲ ಕೇಳಿಸಿಕೊಂಡು, "ಹೊಟ್ಟೆ ತೊಳಸುತ್ತೆ ಅಂತ ಒಂದು ಫೋನ್ ಮಾಡಬಾರದಿತ್ತಾ?" ಎಂದರು. "ಅದಕ್ಕೂ ಮಾತ್ರೆ ಇದೆ. ಬೆಳಿಗ್ಗೆ ಬೇಡ, ರಾತ್ರಿ ಊಟ ಆದ್ಮೇಲೆ ತಗೊಳ್ಳಿ. ಬಿಟ್ಟ ಒಂಬತ್ತು ದಿನಾನ ಕೊನೆಗೆ ಸೇರಿಸಿಕೊಳ್ಳೋಣ. ನಾಳೆ ಕಫ ತಂದುಕೊಡಿ, ಮತ್ತೆ ನೋಡೋಣ."

"ಏನಾದ್ರೂ ಕೆಟ್ಟಿರುತ್ತಾ?" ಅಪ್ಪನ ದನಿ ಸಣ್ಣಗಾಗಿತ್ತು.

"ಬೇಗ ಬಂದಿದೀರಿ. ಕೆಟ್ಟಿರಲ್ಲ ಅಂದುಕೊಳ್ಳೋಣ."

ಮೂರು ದಿನಕ್ಕೆ ರಿಪೋರ್ಟ್ ಬಂತು. ರೋಗಾಣು ಇರಲಿಲ್ಲ. ಅಮ್ಮ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಅತ್ತಳು. ಎದ್ದು ಮುಖ ತೊಳೆದುಕೊಂಡು, ಅಪ್ಪನಿಗೆ ಚೆನ್ನಾಗಿ ಬೈದಳು.

ಅಂದಿನಿಂದ ದಿನಾ ರಾತ್ರಿ ಊಟವಾದ ಮೇಲೆ ಅಪ್ಪ ಚೂಟಿಯ ಮುಂದೆಯೇ ಮಾತ್ರೆ ನುಂಗಿ, ನಾಲಿಗೆ ಹೊರಗೆ ಚಾಚಿ ತೋರಿಸುತ್ತಿದ್ದ. "ನೋಡ್ಕೊಳ್ಳಿ ಇನ್ಸ್‌ಪೆಕ್ಟರಮ್ಮಾ!" ವಾರಕ್ಕೊಮ್ಮೆ ಚೂಟಿಯೂ ತನ್ನ ಮಾತ್ರೆ ನುಂಗಿ ನಾಲಿಗೆ ತೋರಿಸುತ್ತಿದ್ದಳು. ಒಂದು ರಾತ್ರಿ ಅಪ್ಪ ನೀರಿನ ಲೋಟ ಕೆಳಗಿಟ್ಟು, ತಮಾಷೆ ಬಿಟ್ಟು, "ಒಳ್ಳೇ ಕೆಲಸ ಮಾಡಿದೆ ಮಗಳೇ," ಎಂದ. ಅಷ್ಟೇ ಹೇಳಿದ್ದು. ಅವಳ ತಲೆಯ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

* * *

ಆರು ತಿಂಗಳಾಗಿ ಮೇಲೆ ಒಂಬತ್ತು ದಿನಕ್ಕೆ ಅಪ್ಪನ ಕೊನೆಯ ಮಾತ್ರೆ ಮುಗಿಯಿತು. ಡಾಕ್ಟರ್ ಅಪ್ಪನ ಕಾರ್ಡಿನ ಮೇಲೆ 'ಗುಣವಾಗಿದೆ' ಎಂದು ಬರೆದರು. ಅದಕ್ಕೂ ಮೊದಲೇ ಚೂಟಿಯ ಮಾತ್ರೆಗಳು ಮುಗಿದಿದ್ದವು. ಪುಟಾಣಿಯವೂ ಮುಗಿದಿದ್ದವು.

ಮಾರನೆಯ ದಿನ ವ್ಯಾನಿನ ಕಿಟಕಿಗಳೆಲ್ಲ ತೆರೆದಿದ್ದವು. ಮಕ್ಕಳ ಕೂದಲು ಗಾಳಿಗೆ ಹಾರಾಡುತ್ತಿತ್ತು. ಗೇಟು ಬರುತ್ತಿದ್ದಂತೆ ಅಪ್ಪ ಇಂಜಿನ್ ನಿಲ್ಲಿಸಿ, ಕೆಳಗಿಳಿದು, ಗೇಟಮ್ಮನ ಎದುರು ಹೋಗಿ ನಿಂತು ಕೈ ಮುಗಿದ.

"ಸಾಕು ಹೋಗಪ್ಪಾ, ಹಿಂದೆ ಬಸ್ಸು ಹಾರ್ನ್ ಹೊಡೀತಿದೆ," ಎಂದರು ಗೇಟಮ್ಮ. ಆದರೂ ಕಣ್ಣು ಒರೆಸಿಕೊಂಡರು.

ಮಕ್ಕಳು ಸಾಲಾಗಿ ರಸ್ತೆ ದಾಟಿದರು. ಚೂಟಿ ಬೇಕೆಂದೇ ಕೊನೆಯವಳಾಗಿ ಉಳಿದಳು. ಏನು ಹೇಳಬೇಕೆಂದು ನಿನ್ನೆಯಿಂದಲೇ ಯೋಚಿಸಿದ್ದಳು. ಉದ್ದದ ಮಾತು ಅದು. ಗೇಟಮ್ಮನ ಕೈ ಹಿಡಿದು ನಡುರಸ್ತೆಗೆ ಬರುವಷ್ಟರಲ್ಲಿ ಎಲ್ಲ ಮರೆತುಹೋಗಿ ಒಂದೇ ಒಂದು ಪದ ಉಳಿಯಿತು. ಅದನ್ನೇ ಮೆಲ್ಲಗೆ ಹೇಳಿದಳು.

ಬಸ್ಸಿನ ಹಾರ್ನ್. ಸೈಕಲ್ಲಿನ ಗಂಟೆ. ಗೇಟಮ್ಮ ನೇರ ನೋಡುತ್ತ ನಡೆಯುತ್ತಲೇ ಇದ್ದರು.

ಗೇಟಿನ ಹತ್ತಿರ ಬಂದಾಗ ಚೂಟಿ ಕೈ ಬಿಡಿಸಿಕೊಂಡಳು. ಗೇಟಮ್ಮನ ಹಿಂದಿನಿಂದ ಸುತ್ತಿ ಬಂದು, ಬಲಗಡೆಗೆ ನಿಂತು, ಅವರ ಕೋಟಿನ ತೋಳು ಹಿಡಿದು ಎಳೆದಳು.

"ಏನೇ ಚೂಟಿ?" ಗೇಟಮ್ಮ ಬಗ್ಗಿದರು.

ಚೂಟಿ ತುದಿಗಾಲಲ್ಲಿ ನಿಂತು, ಕೇಳುವ ಕಿವಿಗೆ ಬಾಯಿ ಹಚ್ಚಿ, ಮತ್ತೊಮ್ಮೆ ಹೇಳಿದಳು.